ಮಗ್ಗುಲು ಬದಲಿಸುವ ಮಮತೆ

ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಅಜ್ಜಿ ಮನೆಗೆ ಬಂದಾಗ ನಾವೆಲ್ಲರೂ ಪಾಲಿಸಿದ ಧರ್ಮ ಒಂದೇ: ಅವರ ನಿದ್ರೆಗೆ ಭಂಗ ಬರಕೂಡದು. ಮೆತ್ತನೆಯ ಹಾಸಿಗೆ, ಒಗೆದ ಹಚ್ಚಡ, ಹೊತ್ತುಹೊತ್ತಿಗೆ ಗಂಜಿ, ಯಾವುದಕ್ಕೂ ಕೊರತೆಯಿರಲಿಲ್ಲ. ಹತ್ತನೆಯ ದಿನ ಮೈ ಒರೆಸಲು ಬಂದ ದಾದಿ ಅಜ್ಜಿಯನ್ನು ಹೊರಳಿಸಿ, ಬೆನ್ನಿನ ಬುಡದಲ್ಲಿ ರೂಪಾಯಿಯಗಲದ ಕೆಂಪನ್ನು ತೋರಿಸಿದರು. ಬೆರಳಿನಿಂದ ಒತ್ತಿ ಬಿಟ್ಟರು, ಕೆಂಪು ಮಾಸಲಿಲ್ಲ.

“ಇದೇ ಹಾಸಿಗೆಹುಣ್ಣಿನ ಮೊದಲ ಮೆಟ್ಟಿಲು. ರಾತ್ರಿ ಇವರ ಮಗ್ಗುಲು ಬದಲಿಸುವವರು ಯಾರು?” ಎಂದು ಕೇಳಿದರು. ಎಂ. ಎ. ಓದಿದ ನಾನು ತಲೆ ತಗ್ಗಿಸಿದೆ.

ಆರೋಗ್ಯವಂತರು ನಿದ್ರೆಯಲ್ಲಿಯೂ ಅರಿಯದೆ ಹೊರಳುತ್ತಾರೆ. ಹೊರಳಲಾರದವರ ಭಾರವೆಲ್ಲ ಟೊಂಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ ಮೊದಲಾದ ಎಲುಬು ಎದ್ದ ತಾಣಗಳ ಮೇಲೆಯೇ ನಿಲ್ಲುತ್ತದೆ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ.

ಅಪಾಯವನ್ನು ಮೊದಲೇ ಅಳೆಯಬಹುದು. ಇಂಗ್ಲೆಂಡಿನ ದಾದಿ ಡೋರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಇದಕ್ಕೊಂದು ಮಾಪನವನ್ನು ಪ್ರಕಟಿಸಿದರು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡಿಗೆ, ಅಂಗಾಂಗಗಳ ಚಲನೆ, ಮಲಮೂತ್ರಗಳ ಹಿಡಿತ ಎಂಬ ಐದಕ್ಕೂ 1ರಿಂದ 4ರವರೆಗೆ ಅಂಕ. ಮೊತ್ತ 14 ಅಥವಾ ಅದಕ್ಕಿಂತ ಕಡಮೆಯಾದರೆ ಅಪಾಯ. 1987ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಬ್ರೇಡನ್ ಮಾಪನವು ಆಹಾರ, ಚರ್ಮದ ತೇವ, ಹಾಸಿಗೆಯ ಉಜ್ಜಾಟಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಮನೆಯಲ್ಲಿ ಮಾಡತಕ್ಕದ್ದು ಇಷ್ಟು. ವೈದ್ಯರು ಬೇರೆ ಹೇಳದಿದ್ದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಬೆನ್ನಿಗೆ ದಿಂಬಿಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು. ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿಯನ್ನು ತೇಲಿಸಿರಿ. ಮೈಯನ್ನು ಎಳೆಯದೆ, ಇಬ್ಬರು ಹಾಸುಬಟ್ಟೆ ಹಿಡಿದು ಎತ್ತಿರಿ. ಒದ್ದೆಯನ್ನು ಕೂಡಲೆ ಒರೆಸಿರಿ. ಪಥ್ಯಕ್ಕೆ ಒಗ್ಗುವಷ್ಟು ಬೇಳೆ, ಹಾಲು, ಮೊಟ್ಟೆ ಕೊಡಿರಿ. ಕೆಂಪಾದಲ್ಲಿ ತಿಕ್ಕಬೇಡಿರಿ, ಉಂಗುರದಂತಹ ದಿಂಬನ್ನೂ ಇಡಬೇಡಿರಿ. ಕಪ್ಪು ಮೈಯಲ್ಲಿ ಕೆಂಪು ಕಣ್ಣಿಗೆ ಬೀಳದಿರಬಹುದು; ಬಿಸಿ, ಗಡಸು, ನೋವುಗಳನ್ನು ಮುಟ್ಟಿ ನೋಡಿರಿ. ಚರ್ಮ ಒಡೆದರೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ಅಂದಿನಿಂದ ಅಲಾರಂ ಗಡಿಯಾರ ಅಜ್ಜಿಯ ತಲೆದೆಸೆಗೆ ಬಂದಿತು. “ಮಲಗೋದಕ್ಕೂ ಬಿಡೋದಿಲ್ವೇನೋ?” ಎಂದು ಅವರು ಗದರುತ್ತಿದ್ದರು. ನಾನು ಬೈಸಿಕೊಂಡೇ ಹೊರಳಿಸುತ್ತಿದ್ದೆ. ವಾರದೊಳಗೆ ಕೆಂಪು ಮಾಯವಾಯಿತು. ನಿದ್ರೆ ಕೆಡಿಸದ ನಮ್ಮ ಮಮತೆ ಅವರ ಬೆನ್ನಿಗೆ ಮುಳುವಾಗಿತ್ತು. ಆ ಬೆನ್ನನ್ನು ಉಳಿಸಿದ್ದು, ನಿದ್ರೆ ಕೆಡಿಸಿ ಬೈಸಿಕೊಂಡ ಮಮತೆ.