ರೇಡಾರಿಗೆ ಕಾಣದ ಹಡಗು, ಲೆಕ್ಕಕ್ಕೆ ಸಿಗದ ಜನ

ಕಾರವಾರಕ್ಕೆ ಹೊಸ ಯುದ್ಧನೌಕೆ ಬಂತು. 2025ರ ಫೆಬ್ರವರಿ 14ರಂದು ಬಂದ ಅದರ ಹೆಸರು ತುಶಿಲ್. ರಷ್ಯಾದ ಕಲಿನಿನ್‌ಗ್ರಾಡಿನಲ್ಲಿ ಹುಟ್ಟಿ, ಎಂಟು ದೇಶಗಳ ಬಂದರು ಮುಟ್ಟಿ ನಮ್ಮ ಕರಾವಳಿಗೆ ಬಂತು. ಅದರ ತಮ್ಮ ತಮಾಲ್ ಅದೇ ವರ್ಷದ ಜುಲೈ 1ರಂದು ನೌಕಾಪಡೆಗೆ ಸೇರಿತು. ಎರಡೂ 'ಸ್ಟೆಲ್ತ್' ಹಡಗು. ಅಂದರೆ ಶತ್ರುವಿನ ಕಣ್ಣಿಗೆ ಮಣ್ಣೆರಚುವ ಹಡಗು.

ಆ ದಿನಗಳಲ್ಲಿ ಜನ ಏನೇನು ಮಾತಾಡಿದರು ಎಂಬುದಕ್ಕೆ ನಾವು ಕಿವಿಗೊಟ್ಟಿದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ, ಚಾದಂಗಡಿಯಲ್ಲಿ, ಮಾಸ್ತರರು ಕೂರುವ ಕೋಣೆಯಲ್ಲಿ. "ಇನ್ನು ಪಾಕಿಸ್ತಾನ ಉಸಿರೆತ್ತೋ ಹಾಗಿಲ್ಲ ಬಿಡ್ರಿ" ಎಂದರು ಕೆಲವರು. "ಏಷ್ಯಾದಲ್ಲೇ ದೊಡ್ಡ ನೆಲೆಯಂತೆ, ನಮ್ಮೂರಿಂದು" ಎಂದು ಎದೆ ಉಬ್ಬಿಸಿದರು ಇನ್ನು ಕೆಲವರು. ಮೂರನೆಯ ಮಾತೂ ಒಂದಿತ್ತು. ಅದು ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ತೋಡೂರಿನ ನಿರಾಶ್ರಿತರ ಕಾಲೊನಿಯ ಕಡೆ ಕೇಳುವ ಮಾತು: "ಬಂತಲ್ಲ, ಬರ್ಲಿ. ನಮ್ಮ ಹುಡ್ಗನಿಗೆ ಒಳಗೆ ಒಂದು ಕೆಲ್ಸ ಸಿಗ್ತದಾ?"

ಈ ಮೂರನೆಯ ಮಾತಿನ ಪರವಾಗಿ ನಾವು ಬರೆಯುತ್ತಿದ್ದೇವೆ.

ಮೊದಲು ಹಡಗಿನ ವಿಷಯ ಮುಗಿಸೋಣ. ಇದರ ವಿದ್ಯೆ ದೊಡ್ಡ ಮಾಟವೇನಲ್ಲ. ರೇಡಾರ್ ಎಂದರೆ ಕತ್ತಲಲ್ಲಿ ಬ್ಯಾಟರಿ ಬಿಟ್ಟು ಹುಡುಕಿದ ಹಾಗೆ. ಬಿಟ್ಟ ಅಲೆ ಎದುರಿನ ವಸ್ತುವಿಗೆ ತಾಗಿ ವಾಪಸು ಬಂದರೆ ಅಲ್ಲೇನೋ ಇದೆ ಎಂದು ತಿಳಿಯುತ್ತದೆ. ಹಡಗಿನ ಮೈಯನ್ನು ಓರೆಯಾಗಿ ಕಟ್ಟಿದರೆ ಆ ಅಲೆ ಬಂದ ದಾರಿಯಲ್ಲಿ ಮರಳದೆ ಬೇರೆ ಕಡೆ ಚೆದರಿಹೋಗುತ್ತದೆ. ಎಂಜಿನ್ನಿನ ಬಿಸಿ ಹೊರಗೆ ತೋರದಂತೆ ಮಾಡುತ್ತಾರೆ, ಸದ್ದು ಅಡಗಿಸುತ್ತಾರೆ. 125 ಮೀಟರ್ ಉದ್ದ, 3900 ಟನ್ ತೂಕದ ಹಡಗು ಇರುವುದಕ್ಕಿಂತ ಬಹಳ ಸಣ್ಣದಾಗಿ ಕಾಣಬೇಕು. ಅಷ್ಟೇ.

ಹಡಗು ಕಟ್ಟಿದ್ದು ರಷ್ಯಾ. ಎಂಜಿನ್ ಉಕ್ರೇನಿನದು. ಆ ಎರಡು ದೇಶಗಳಿಗೆ 2014ರಿಂದ ಹಗೆ, ಆದ್ದರಿಂದ ನಮ್ಮ ಸರ್ಕಾರವೇ ಉಕ್ರೇನಿನಿಂದ ಎಂಜಿನ್ ಕೊಂಡು ರಷ್ಯಾದ ಕಟ್ಟೆಗೆ ತಲುಪಿಸಿತು. ಸ್ವದೇಶಿ ಪಾಲು ನೂರಕ್ಕೆ 26 ಎಂದು ಸರ್ಕಾರವೇ ಹೇಳಿದೆ. ಹೆಸರು ಮಾತ್ರ ನೂರಕ್ಕೆ ನೂರು ಪುರಾಣ, ಸಂಸ್ಕೃತ. ತುಶಿಲ್ ಎಂದರೆ ಕಾಯುವ ಕವಚವಂತೆ, ತಮಾಲ್ ಎಂದರೆ ಇಂದ್ರನ ಕತ್ತಿಯಂತೆ. ಇದೇ ಜಾತಿಯ ಇನ್ನೆರಡು ಹಡಗು, ತ್ರಿಪುಟ್ ಮತ್ತು ತವಸ್ಯ, ಗೋವೆಯಲ್ಲಿ ನೀರಿಗಿಳಿದವು, 2024ರಲ್ಲೊಂದು, 2025ರಲ್ಲೊಂದು. ನಮ್ಮಲ್ಲಿ ಯುದ್ಧನೌಕೆ ನೀರಿಗಿಳಿಸುವಾಗ ಅಥರ್ವವೇದದ ಮಂತ್ರ ಹೇಳುವ ಪದ್ಧತಿಯಿದೆ. ಕಬ್ಬಿಣ ಬೆಸೆದು ಮೈ ಸುಟ್ಟುಕೊಂಡವನು ಪಕ್ಕದಲ್ಲೇ ನಿಂತು ಆ ಮಂತ್ರ ಕೇಳುತ್ತಾನೆ. ಅವನ ಅಜ್ಜನ ಅಜ್ಜ ಕೇಳಿದ್ದರೆ ಕಿವಿಗೆ ಕಾದ ಸೀಸ ಹುಯ್ಯಬೇಕೆಂದು ಬರೆದಿಟ್ಟ ದೇಶ ಇದು. ಇರಲಿ.

ಹಡಗು ಬಂದು ನಿಂತ ಜಾಗದ ಹೆಸರೂ ಕೇಳಿ. ಐಎನ್‌ಎಸ್ ಕದಂಬ. ಬನವಾಸಿಯ ರಾಜರ ಹೆಸರು. ರಾಜರ ಹೆಸರು ಉಳಿಯುತ್ತದೆ, ಅದಕ್ಕೆ ಸರ್ಕಾರವಿದೆ. ಅರಗಾ ಎಂಬ ಊರು, ಅಲ್ಲಿಯ ಗದ್ದೆ, ತೆಂಗಿನ ತೋಟ, ದೈವದ ಕಟ್ಟೆ, ಮೀನು ಒಣಗಿಸುವ ಮರಳು, ಇವುಗಳ ಹೆಸರನ್ನು ಯಾವ ಹಡಗಿನ ಮೂತಿಯ ಮೇಲೂ ಬರೆಯುವುದಿಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ನೆಲೆ ಕೆಲಸ ಶುರು ಮಾಡಿದ್ದು 2005ರ ಮೇ 31ರಂದು. ನಡುವೆ ಹತ್ತೊಂಬತ್ತು ವರ್ಷ. ದಿಲ್ಲಿಯ ಹತ್ತಿರ ದುಡ್ಡಿಲ್ಲ ಎಂದು ಯೋಜನೆ ಮಲಗಿತು, ಮತ್ತೆ ಎದ್ದಿತು. ಮಲಗಿದ ಯೋಜನೆಯ ಕೆಳಗೆ ಸಿಕ್ಕಿಕೊಂಡ ರೈತ ಏನು ಮಾಡಬೇಕು? ಮನೆಗೆ ಹೊಸ ಹೆಂಚು ಹೊದಿಸಬೇಕೋ ಬೇಡವೋ? ಸಸಿ ನೆಟ್ಟರೆ ಫಲ ತಿನ್ನುವವರು ಯಾರು? ಮಗಳ ಮದುವೆಗೆ ಜಮೀನಿನ ಮೇಲೆ ಸಾಲ ಕೇಳಿದರೆ ಕೊಡುವವರು ಯಾರು? ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿ, ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಸಂಸಾರ ಹೀಗೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಬದುಕಿದವು. ಆಮೇಲೆ ಎದ್ದು ಹೋದವು. ಕೊಟ್ಟ ಪರಿಹಾರ ಸಾಲದೆಂದು ಕೋರ್ಟಿನಿಂದ ಕೋರ್ಟಿಗೆ ಅಲೆದವು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅನ್ಯಾಯದ ಬೇರು ಇಲ್ಲಿದೆ. ಭೂಮಿ ಕಿತ್ತುಕೊಂಡ ಕಾನೂನು 1894ರದು, ಬಿಳಿಯರದು. ಅದಕ್ಕೆ ಕಾಗದ ಮಾತ್ರ ಗೊತ್ತು. ಪಹಣಿಯಲ್ಲಿ ಹೆಸರಿದ್ದವನು ಮನುಷ್ಯ, ಇಲ್ಲದವನು ಗಾಳಿ. ಈ ಕರಾವಳಿ ಗೇಣಿಯ ಸೀಮೆ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಡಿಕ್ಲರೇಶನ್ ಹಾಕಿ, ಟ್ರಿಬ್ಯುನಲ್ಲಿನ ಬಾಗಿಲು ಕಾದು, ಒಡೆಯನ ಕೆಂಗಣ್ಣು ಎದುರಿಸಿ, ಮೊದಲ ಸಲ ತಮ್ಮದೆಂಬ ತುಂಡು ನೆಲ ಕಂಡರು. ಹನ್ನೆರಡು ವರ್ಷ ತುಂಬಿತ್ತೋ ಇಲ್ಲವೋ, ಸೀಬರ್ಡಿನ ಅಡಿಗಲ್ಲು ಬಿತ್ತು. ಒಡೆಯನಿಂದ ಬಿಡಿಸಿಕೊಂಡದ್ದನ್ನು ದೇಶ ಬಿಡಿಸಿಕೊಂಡಿತು.

ಅವರಾದರೂ ಕಾಗದ ಇದ್ದವರು. ಕಾಗದವೇ ಇಲ್ಲದವರ ಗತಿ? ಪರರ ಗದ್ದೆಯಲ್ಲಿ ಕೂಲಿ ಮಾಡಿದವಳು, ಒಡೆಯನ ಹಿತ್ತಿಲ ಮೂಲೆಯಲ್ಲಿ ಗುಡಿಸಲು ಕಟ್ಟಿದವನು, ಬೆಟ್ಟದ ಸೊಪ್ಪು ಸೌದೆ ನಂಬಿದವರು, ಕಲ್ಲಿನ ಸಂದಿಯಲ್ಲಿ ಚಿಪ್ಪು ಕಲ್ಲು ಆಯ್ದು ಮಾರುವ ಹೆಂಗಸು. ಭೂಮಿಯ ಒಡೆತನವನ್ನು ಸಾವಿರ ವರ್ಷ ಜಾತಿ ತೀರ್ಮಾನ ಮಾಡಿದ ನಾಡಿನಲ್ಲಿ, ಒಡೆತನಕ್ಕೆ ಮಾತ್ರ ಬೆಲೆ ಕಟ್ಟುವ ಕಾನೂನು ಜಾತಿಯ ಲೆಕ್ಕಪುಸ್ತಕವೇ ಅಲ್ಲವೇ? ಭೂಮಿ ಇಲ್ಲದೆ, ಭೂಮಿಯ ಮೇಲೆ ದುಡಿದು ತಿನ್ನುವವನೂ ನಷ್ಟಕ್ಕೊಳಗಾದವನೇ ಎಂದು ಈ ದೇಶದ ಭೂಸ್ವಾಧೀನ ಕಾನೂನಿಗೆ ಹೊಳೆದದ್ದು 2013ರಲ್ಲಿ. ಅಷ್ಟರಲ್ಲಿ ಅರಗಾದ ಗದ್ದೆಯ ಮೇಲೆ ಕಾಂಕ್ರೀಟು ಗಟ್ಟಿಯಾಗಿ ಎಂಟು ವರ್ಷವಾಗಿತ್ತು.

ಕಡಲಿಗಂತೂ ಪಹಣಿಯೇ ಇಲ್ಲ. ರಂಪಣಿ ಎಳೆಯುತ್ತಿದ್ದ ಅಳಿವೆ, ಗಾಳಿ ಎದ್ದಾಗ ದೋಣಿ ಮರೆಗೆ ನಿಲ್ಲಿಸುತ್ತಿದ್ದ ಮೂಲೆ, ಯಾವ ತಿಂಗಳಲ್ಲಿ ಯಾವ ಕಲ್ಲಿನ ಹತ್ತಿರ ಬಂಗಡೆ ಬರುತ್ತದೆ ಎಂಬ ಅಪ್ಪ ಅಜ್ಜಂದಿರ ಲೆಕ್ಕ, ಇದನ್ನೆಲ್ಲ ಯಾವ ತಲಾಟಿ ಬರೆದಿಟ್ಟಿದ್ದಾನೆ? ಅಂಜುದೀವ್ ನಡುಗಡ್ಡೆಯನ್ನೂ ಸೇರಿಸಿ ಕಡಲಿಗೆ ಕಲ್ಲಿನ ಗೋಡೆ ಹಾಕಿದರು. ಗೋಡೆಯ ಒಳಗಿನ ನೀರು ಈಗ ದೇಶದ್ದು, ಹೊರಗಿನ ಅಲೆ ಮೀನುಗಾರನದು.

ಇದೊಂದೇ ಆಗಿದ್ದರೆ ದುರದೃಷ್ಟ ಎನ್ನಬಹುದಿತ್ತು. ಅದೇ ಜಿಲ್ಲೆಯ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಮೂರು ಕಡೆ ದೊಡ್ಡ ಕಟ್ಟೆ. ದಂಡೆಯಲ್ಲಿ ಕೈಗಾ ಅಣುಸ್ಥಾವರ. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಎಂದು ಕಾರವಾರದ ಕಡಲತೀರಕ್ಕೂ ಕೈ ಹಾಕಿದಾಗ ಮೀನುಗಾರರು, ಹೆಂಗಸರು ಮಕ್ಕಳ ಸಮೇತ, ಬೀದಿಗಿಳಿದರು. ಆಗ ಪೊಲೀಸರನ್ನು ನೋಡಿದ ಜನ ಈಗ ಹಡಗು ನೋಡಿ ಚಪ್ಪಾಳೆ ತಟ್ಟಬೇಕಂತೆ.

ಇಷ್ಟು ಹೇಳಿದ ಕೂಡಲೆ ಒಬ್ಬರು ಎದ್ದು ನಿಲ್ಲುತ್ತಾರೆ. "ಏನ್ರೀ, ದೇಶಕ್ಕೆ ಹಡಗು ಬೇಡ್ವಾ? ನೀವು ಯಾವ ಕಡೆಯವರು?"

ಸ್ವಾಮೀ, ಅಂಕೋಲೆಯ ಜನಕ್ಕೆ ದೇಶಭಕ್ತಿಯ ಪಾಠ ಹೇಳಲು ಬರಬೇಡಿ. 1930ರ ಏಪ್ರಿಲ್‌ನಲ್ಲಿ ಇದೇ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಕರ ಕೊಡಲೊಲ್ಲೆವೆಂದು ರೈತರು ಮನೆ ಮಠ ಹರಾಜಿಗೆ ಬಿಟ್ಟರು, ಜಪ್ತಿ ಕಂಡರು, ಜೈಲು ಕಂಡರು. ಕರ್ನಾಟಕದ ಬಾರ್ಡೋಲಿ ಎಂದು ಆ ನೆಲವನ್ನು ಕರೆದದ್ದು ನಾವಲ್ಲ, ನಿಮ್ಮ ಪಠ್ಯಪುಸ್ತಕ. ಆ ರೈತರ ಮಕ್ಕಳು ಮೊಮ್ಮಕ್ಕಳೇ ಸೀಬರ್ಡಿಗೆ ನೆಲ ಬಿಟ್ಟು ಎದ್ದವರು. ದೇಶಕ್ಕಾಗಿ ಎರಡು ಸಲ ಭೂಮಿ ಕಳೆದುಕೊಂಡವನು ಲೆಕ್ಕ ಕೇಳಿದರೆ ದ್ರೋಹಿ, ಒಂದು ಗುಂಟೆಯನ್ನೂ ಕಳೆದುಕೊಳ್ಳದೆ ಬೆಂಗಳೂರಿನಲ್ಲಿ ಕೂತು ಜೈಕಾರ ಹಾಕುವವನು ಭಕ್ತ. ಇದು ಯಾವ ನ್ಯಾಯದ ತಕ್ಕಡಿ?

ಹಡಗು ಬೇಡ ಎಂದು ನಾವು ಹೇಳುತ್ತಿಲ್ಲ. ಹಡಗಿನಲ್ಲಿ ಕಲ್ಲಿದ್ದಲ ಹೊಗೆ ಕುಡಿದ ಕಾಲದಿಂದ ಈ ಕಾಲದವರೆಗೆ ಪಾತ್ರೆ ತೊಳೆದು, ಎಂಜಿನ್ ಉಜ್ಜಿ, ಮೊದಲು ಸಾಯುವವರು ಬಡವರ ಮಕ್ಕಳೇ ಎಂಬುದೂ ನಮಗೆ ಗೊತ್ತು. ನಾವು ಕೇಳುತ್ತಿರುವುದು ಚಪ್ಪಾಳೆಯ ಬೆಲೆಯನ್ನು. ಅಮೆರಿಕದವರು ಜುಮ್ವಾಲ್ಟ್ ಎಂಬ ಸ್ಟೆಲ್ತ್ ಹಡಗು 32 ಕಟ್ಟುತ್ತೇವೆಂದು ಹೊರಟು, ದುಡ್ಡು ನೀರಾದದ್ದು ನೋಡಿ, ಮೂರಕ್ಕೆ ನಿಲ್ಲಿಸಿದರು. ಅದರ ಫಿರಂಗಿಯ ಒಂದೊಂದು ಗುಂಡಿಗೆ ಎಂಟು ಲಕ್ಷ ಡಾಲರ್ ಬೀಳುತ್ತದೆಂದು ಗೊತ್ತಾಗಿ ಗುಂಡನ್ನೇ ಕೈಬಿಟ್ಟರು. ಆ ಜಾತಿಯ ಎರಡನೆಯ ಹಡಗಿಗೆ 2016ರಲ್ಲಿ ಹೆಸರಿಡುವ ದಿನ ಮೇನ್ ರಾಜ್ಯದ ಬಾತ್ ಎಂಬ ಊರಿನಲ್ಲಿ ಜನ ದಾರಿಗೆ ಅಡ್ಡ ಕೂತರು. ಹಿಡಿದು ಒಯ್ದರು. ವಿಚಾರಣೆ ಎದುರಿಸಿದವರನ್ನು ಮರುವರ್ಷ ಕೋರ್ಟು ಬಿಟ್ಟಿತು. ಹಡಗು ಅವರದೂ ಹೌದು, ಪ್ರಶ್ನೆಯೂ ಅವರದು.

ನಮ್ಮ ಕಡಲಲ್ಲಿ ಇನ್ನೊಂದು ದೋಣಿ ಮಾಯವಾದ ಕತೆ ಎಷ್ಟು ಜನಕ್ಕೆ ನೆನಪಿದೆ? ಸುವರ್ಣ ತ್ರಿಭುಜ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟಿತು, ಏಳು ಜನ ಇದ್ದರು, ಉಡುಪಿ ಮತ್ತು ಉತ್ತರ ಕನ್ನಡದವರು. ಅದಕ್ಕೆ ಓರೆ ಮೈಯೂ ಇರಲಿಲ್ಲ, ವಿಶೇಷ ಬಣ್ಣವೂ ಇರಲಿಲ್ಲ. ಆದರೂ ಕಾಣದೆ ಹೋಯಿತು. ಜನವರಿಯಲ್ಲಿ ಮೀನುಗಾರರು ಸಾವಿರ ಸಾವಿರ ಸೇರಿ ಹೆದ್ದಾರಿಯಲ್ಲಿ ಕೂತ ಮೇಲೆ ರಾಜ್ಯದ ಕಿವಿ ತೆರೆಯಿತು. ಮೇ ತಿಂಗಳಲ್ಲಿ ನೌಕಾಪಡೆಯೇ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷ ಹುಡುಕಿತು. ದೊಡ್ಡ ಹಡಗು ಗುದ್ದಿರಬೇಕೆಂದು ಮೀನುಗಾರರು ಹೇಳಿದರು. ಆ ಏಳು ಜನ ಮನೆಗೆ ಬರಲಿಲ್ಲ. ಯುದ್ಧನೌಕೆ ಬಂದಾಗ ಬಾವುಟ ಹಿಡಿದು ನಿಲ್ಲುವ ನಮ್ಮ ಪೇಟೆಯ ಜನ ಆ ಏಳು ಮನೆಗಳ ಮುಂದೆ ಎಷ್ಟು ಹೊತ್ತು ನಿಂತರು?

ಹಳ್ಳಿಯ ಮಾಸ್ತರರೇ, ನಿಮಗೆ ಒಂದು ಮಾತು. ಪ್ರತಿ ಡಿಸೆಂಬರ್ 4ಕ್ಕೆ ನೌಕಾಪಡೆಯ ದಿನ ಬರುತ್ತದೆ, ಮಕ್ಕಳಿಂದ ಪ್ರಬಂಧ ಬರೆಸುತ್ತೀರಿ. ಕಾರವಾರದ ಕಡಲತೀರದಲ್ಲಿ ಮ್ಯೂಜಿಯಂ ಮಾಡಿಟ್ಟ ಚಪಲ ಎಂಬ ಹಳೆಯ ಹಡಗನ್ನೂ ಹತ್ತಿಸಿ ಇಳಿಸುತ್ತೀರಿ. ಒಳ್ಳೆಯದೇ. ಅಲ್ಲಿಂದ ಬಸ್ಸನ್ನು ಹಾಗೆಯೇ ಒಂದು ನಿರಾಶ್ರಿತರ ಕಾಲೊನಿಗೆ ತಿರುಗಿಸಿ. ಜಗಲಿಯಲ್ಲಿ ಕೂತ ಮುದುಕಿಯ ಹತ್ತಿರ, ಅಜ್ಜೀ, ನಿಮ್ಮ ಗದ್ದೆ ಎಲ್ಲಿತ್ತು ಎಂದು ಮಕ್ಕಳೇ ಕೇಳಲಿ. ಅವಳು ಕೈ ತೋರಿಸುವ ದಿಕ್ಕನ್ನು ಪ್ರಬಂಧದಲ್ಲಿ ಬರೆಯಲಿ.

ವಿದ್ಯಾರ್ಥಿ ಗೆಳೆಯರೇ, ನಿಮಗೆ ಬೇರೆ ಕೆಲಸ. 2025ರ ಏಪ್ರಿಲ್ 5ರಂದು ರಕ್ಷಣಾ ಮಂತ್ರಿ ಕಾರವಾರಕ್ಕೆ ಬಂದು 2000 ಕೋಟಿ ರೂಪಾಯಿಗೂ ಮೇಲಿನ ಕಟ್ಟಡ, ಕಟ್ಟೆಗಳನ್ನು ಉದ್ಘಾಟಿಸಿ ಹೋದರು. ಹಡಗಿನಲ್ಲಿ ಕ್ಷಿಪಣಿ ಎಷ್ಟಿವೆ ಎಂದು ಕೇಳಲು ಹೋಗಬೇಡಿ. ಅದು ಗುಟ್ಟು, ಗುಟ್ಟಾಗಿಯೇ ಇರಲಿ. ಎದ್ದು ಹೋದವರ ಪಟ್ಟಿ ಗುಟ್ಟಲ್ಲ. ಆ ಸಂಸಾರಗಳಲ್ಲಿ ಎಷ್ಟು ಮನೆಯವರಿಗೆ ಒಳಗೆ ಖಾಯಂ ಕೆಲಸ ಸಿಕ್ಕಿತು, ಎಷ್ಟು ಜನ ಕಂತ್ರಾಟುದಾರನ ಕೈಕೆಳಗೆ ಕಸ ಗುಡಿಸುತ್ತಿದ್ದಾರೆ, ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರನ್ನು ಯಾರಾದರೂ ಎಣಿಸಿದ್ದರೋ, ಎಣಿಸಿದ್ದರೆ ಅದರಲ್ಲಿ ಪರಿಶಿಷ್ಟರೆಷ್ಟು ಎಂದು ಬರೆದು ಕೇಳಿ. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು, ಬರದಿದ್ದರೆ ಬರಲಿಲ್ಲವೆಂಬುದನ್ನು, ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ.