ತೊಡೆಸಂದಿನ ನೋವು: ಮುಚ್ಚಿಡುವ ಮಾತಲ್ಲ

ಪೊಲೀಸ್ ಇಲ್ಲವೇ ಸೇನಾ ನೇಮಕಾತಿಯ ಪ್ರಕಟಣೆ ಹೊರಟಿತೆಂದರೆ ನೆಹರು ಕ್ರೀಡಾಂಗಣದಲ್ಲಿಯೂ ನಮ್ಮ ವಿನೋಬನಗರದ ನೂರಡಿ ರಸ್ತೆಯಲ್ಲಿಯೂ ಬೆಳಗಿನ ಜಾವ ಓಡುವ ತರುಣರು ಹೆಚ್ಚುತ್ತಾರೆ. ವರ್ಷವಿಡೀ ಪುಸ್ತಕದ ಮುಂದೆ ಕುಳಿತವರು 1600 ಮೀಟರ್ ಓಟಕ್ಕೆಂದು ಒಮ್ಮೆಗೇ ಡಾಂಬರಿನ ಮೇಲೆ ದಿನವೂ ಓಡತೊಡಗುತ್ತಾರೆ. ಕೆಲವು ವಾರಗಳಲ್ಲಿ ಅವರಲ್ಲೊಬ್ಬಿಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ. ಹೇಳುವುದು ಸೊಂಟನೋವು, ಇಲ್ಲವೇ ಹೊಟ್ಟೆನೋವು. ನೋವಿರುವುದು ತೊಡೆಸಂದಿನಲ್ಲಿ ಎಂದು ಬಾಯಿ ಬಿಡಿಸಬೇಕಾದರೆ ಜೊತೆಗೆ ಬಂದ ತಾಯಿಯವರನ್ನು ಹೊರಗೆ ಕೂರಿಸಬೇಕಾಗುತ್ತದೆ. ಹೆಣ್ಣುಮಕ್ಕಳಂತೂ ಇನ್ನೂ ತಡವಾಗಿ ಹೇಳುತ್ತಾರೆ. ರೋಗವನ್ನು ಬೆಳೆಸುವುದರಲ್ಲಿ ಓಟದಷ್ಟೇ ಪಾಲು ಈ ಸಂಕೋಚಕ್ಕೂ ಇದೆಯೆಂಬುದು ನಮ್ಮ ಅಭಿಪ್ರಾಯ.

ಇದು ಬಿದ್ದು ಪೆಟ್ಟಾಗಿ ಬರುವ ನೋವಲ್ಲ. ಒಳತೊಡೆಯ ಸ್ನಾಯುಗಳು ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ಎಡೆಯಲ್ಲಿ, ಚೇತರಿಸಿಕೊಳ್ಳಲು ಬಿಡುವಿಲ್ಲದೆ ಎಳೆತ ಬಿದ್ದಾಗ ಮೆಲ್ಲಮೆಲ್ಲನೆ ಹುಟ್ಟುವಂಥದು. ಥಟ್ಟನೆ ತಿರುಗಿ ಕಾಲು ಚಾಚುವ ಕಬಡ್ಡಿ, ಫುಟ್‌ಬಾಲ್ ಆಟಗಾರರಲ್ಲಿಯೂ ಸಾಮಾನ್ಯ. ಇದರ ಮೊದಲ ಲಕ್ಷಣವೇ ಮೋಸದ್ದು. ಓಟದ ಆರಂಭದಲ್ಲಿ ನೋವು, ಮೈ ಬಿಸಿಯಾದೊಡನೆ ಮಾಯ. ಸಂಜೆಗೋ ಮರುದಿನ ಬೆಳಿಗ್ಗೆಯೋ ಬಿಗಿತದೊಡನೆ ಮತ್ತೆ ಹಾಜರು. ‘ಓಡಿದರೆ ಹೋಗುತ್ತದೆ’ ಎಂದು ಹುಡುಗ ನಂಬುವುದು ಇಲ್ಲಿಯೇ. ಮುಂದೆ ಬೈಕ್ ಹತ್ತಲು ಕಾಲೆತ್ತಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಚಳುಕು ಹೊಡೆಯುತ್ತದೆ. ಅಂಗಾತ ಮಲಗಿ, ಮಡಿಸಿದ ಮೊಣಕಾಲುಗಳ ನಡುವೆ ಮುಷ್ಟಿಯಿಟ್ಟು ಒತ್ತಿದಾಗ ಅದೇ ನೋವು ಮರುಕಳಿಸಿದರೆ ಒಳತೊಡೆಯ ಸ್ನಾಯುವಿನ ಮೇಲೆ ಅನುಮಾನ ಬಲವಾಗುತ್ತದೆ. ಕೆಮ್ಮಿದಾಗ, ಸೀನಿದಾಗ ನೋವೆದ್ದರೆ ಕಿಬ್ಬೊಟ್ಟೆಯ ಗೋಡೆಯನ್ನೂ ಪರೀಕ್ಷಿಸಬೇಕು; ಗಂಟು ಕಂಡರೆ ಹರ್ನಿಯಾ ಇರಬಹುದು. ಮಂಗಳೂರಿನಲ್ಲಿ ಬೆಳೆದ ಕ್ರಿಕೆಟಿಗ ಕೆ.ಎಲ್. ರಾಹುಲ್ 2022ರ ಜೂನ್‌ನಲ್ಲಿ, ಭಾರತ ತಂಡದ ನಾಯಕತ್ವ ಕೈಯಲ್ಲಿದ್ದಾಗಲೇ, ತೊಡೆಸಂದಿನ ತೊಂದರೆಯಿಂದ ದಕ್ಷಿಣ ಆಫ್ರಿಕ ಸರಣಿಯನ್ನು ಬಿಟ್ಟು ಜರ್ಮನಿಗೆ ತೆರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರು ಹೇಳಿಕೊಂಡ ನೋವನ್ನು ಹೇಳಲು ನಮ್ಮ ಹುಡುಗರಿಗೇಕೆ ನಾಚಿಕೆ?

ನಮ್ಮದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ಭದ್ರಾವತಿಯಿಂದ ಬಂದ ಓಟಗಾರನೊಬ್ಬನಿಗೆ ‘ನರ ಹಿಡಿದಿದೆ’ ಎಂಬ ಮನೆಯವರ ಮಾತನ್ನೇ ನಂಬಿ ಹತ್ತು ದಿನ ಅಭ್ಯಂಗ, ಸ್ವೇದನ ಮಾಡಿಸಿದೆವು. ಅವನ ತೊಡೆಮೂಳೆಯ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕಿತ್ತು. ಒಂಟಿಕಾಲಿನಲ್ಲಿ ನಿಂತರೆ ಆಳದಲ್ಲಿ ನೋವು, ರಾತ್ರಿಯೂ ನೋವು ಎಂದು ಅವನು ಹೇಳಿದ್ದನ್ನು ನಾವು ತೂಗಿ ನೋಡಲಿಲ್ಲ. ಇಂಥ ಬಿರುಕು ಆರಂಭದಲ್ಲಿ ಎಕ್ಸ್-ರೇಯಲ್ಲಿ ಕಾಣದಿರಬಹುದು, ಎಂ.ಆರ್.ಐ. ಬೇಕಾಗುತ್ತದೆ. ಓಟ ಮುಂದುವರಿಸಿದರೆ ಮೂಳೆ ಪೂರ್ತಿ ಮುರಿಯಬಹುದು. ಆದ್ದರಿಂದ ಇಂದು ಈ ಲಕ್ಷಣ ಕಂಡವರಿಗೆ ಕಾಲ ಮೇಲೆ ಭಾರ ಹಾಕಬೇಡಿರೆಂದು ಹೇಳಿ, ಎಣ್ಣೆಯ ಬಟ್ಟಲನ್ನು ಮುಟ್ಟುವ ಮೊದಲೇ ಮೂಳೆತಜ್ಞರಲ್ಲಿಗೆ ಕಳುಹಿಸುತ್ತೇವೆ. ವೃಷಣದಲ್ಲಿ ಹಠಾತ್ತನೆ ತೀವ್ರ ನೋವೆದ್ದರಂತೂ ಬೆಳಗಾಗಲೆಂದು ಕಾಯದೆ ಆಗಿಂದಾಗಲೇ ಆಸ್ಪತ್ರೆಗೆ ಹೊರಡಬೇಕು; ಅಲ್ಲಿ ಗಂಟೆಗಳ ಲೆಕ್ಕ.

ತೊಡೆಸಂದನ್ನು ‘ವಂಕ್ಷಣ’ವೆಂದು ಕರೆದ ಸುಶ್ರುತರು ಅದರ ಬಳಿಯೇ ‘ವಿಟಪ’ ಮರ್ಮವನ್ನು ಗುರುತಿಸಿದ್ದಾರೆ. ಅಂಥ ಎಡೆಯನ್ನು ಉಳುಕು ತೆಗೆಯುವವರ ಹೆಬ್ಬೆರಳಿಗೆ ಒಪ್ಪಿಸುವುದು ಸರಿಯಲ್ಲ. ಬಲವುಳ್ಳವನೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂಬ ವಾಗ್ಭಟರ ನಿಯಮವನ್ನು ತರಬೇತಿ ನೀಡುವವರು ಹಳೆಯ ಕಾಲದ ಮಾತೆಂದು ನಗಬಹುದು. ಅವರು ಓಟದ ದೂರವನ್ನು ವಾರವಾರವೂ ಸ್ವಲ್ಪಸ್ವಲ್ಪವೇ ಏರಿಸಿ, ನಡುವೆ ಬಿಡುವಿನ ದಿನಗಳನ್ನಿಟ್ಟರೆ ನಮಗೆ ಅಷ್ಟು ಸಾಕು.

ಸ್ನಾಯುವಿನ ನೋವೇ ಎಂದು ಖಚಿತವಾದರೆ ಓಟ ನಿಲ್ಲಿಸಿ, ನೋವಾಗದಷ್ಟು ನಡೆಯಬಹುದು. ತಿಂಗಳುಗಟ್ಟಲೆ ಮಲಗಿರಬೇಕಾಗಿಲ್ಲ. ಮೊಣಕಾಲುಗಳ ನಡುವೆ ಚೆಂಡನ್ನಿಟ್ಟು ಮೆಲ್ಲನೆ ಒತ್ತುವ ಅಭ್ಯಾಸದಿಂದ ಒಳತೊಡೆಗೆ ಬಲ ತುಂಬಬೇಕು. ಒತ್ತಿದಾಗ ನೋವಿಲ್ಲ, ಮರುದಿನ ಬೆಳಿಗ್ಗೆ ಬಿಗಿತವಿಲ್ಲ ಎಂದಾದ ಮೇಲೆಯೇ ಮತ್ತೆ ಮೈದಾನಕ್ಕಿಳಿಯಬೇಕು, ಅದೂ ಮೊದಲು ಮಣ್ಣಿನ ನೆಲದ ಮೇಲೆ.