ಪಿಎಫ್ ತೆರಿಗೆ ಲಾಭ: ಚಿಕ್ಕ ಕಂಪನಿಗೇಕೆ ತಲುಪುತ್ತಿಲ್ಲ?

ಕ್ಯಾಂಪಸ್ ಸಂದರ್ಶನದ ಸಮಯದಲ್ಲಿ ನಮ್ಮ ಮಾತೆಲ್ಲ ಪ್ಯಾಕೇಜ್ ಸುತ್ತಲೇ. ಆದರೆ ಎಲ್ಲರಿಗೂ ದೊಡ್ಡ ಕಂಪನಿಯ ಆಫರ್ ಲೆಟರ್ ಸಿಗುವುದಿಲ್ಲ. ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದ ಹತ್ತು–ಹದಿನೈದು ಜನರ ವರ್ಕ್‌ಶಾಪ್‌ಗಳಲ್ಲಿ ಕೆಲಸ ಶುರು ಮಾಡುವವರೂ ಇದ್ದಾರೆ. ಅಂಥ ಕಡೆ ಪಿಎಫ್ ಬಗ್ಗೆ ಕೇಳಿದರೆ, ‘ನಮ್ಮದು ಚಿಕ್ಕ ಕಂಪನಿ’ ಎಂಬ ಉತ್ತರ ಬರಬಹುದು.

ಕಾನೂನಿನ ಪ್ರಕಾರ ಆ ಉತ್ತರ ಸರಿಯೇ. ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಪಿಎಫ್ ಕಡ್ಡಾಯ. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಇಷ್ಟವಿದ್ದರೆ ಸೇರಬಹುದು. ಹಾಗೆ ಸೇರಲು ಮಾಲೀಕರಿಗೆ ಮನಸ್ಸು ಬರಿಸಬೇಕಾದದ್ದು ತೆರಿಗೆ ರಿಯಾಯಿತಿ. ಅದು ಯಾರಿಗೆ ಎಷ್ಟು ಸಿಗುತ್ತದೆ? ಲೆಕ್ಕ ಹಾಕಿ ನೋಡಿದೆ.

ತಿಂಗಳಿಗೆ 15,000 ರೂಪಾಯಿ ವೇತನದ ಮೇಲೆ ಮಾಲೀಕರ ಪಾಲು ಶೇ 12, ಅಂದರೆ 1,800 ರೂಪಾಯಿ. ಇದರಲ್ಲಿ 1,250 ಪಿಂಚಣಿ ನಿಧಿಗೆ, 550 ಪಿಎಫ್ ಖಾತೆಗೆ. ಹತ್ತು ಕೆಲಸಗಾರರಿಗೆ ವರ್ಷಕ್ಕೆ 2.16 ಲಕ್ಷ ರೂಪಾಯಿ. ಕಂಪನಿಯೊಂದು ಇದನ್ನು ಖರ್ಚು ಎಂದು ತೋರಿಸಿ ಲಾಭದಿಂದ ಕಳೆಯಬಹುದು. ಶೇ 25ರ ದರದಲ್ಲಿ ತೆರಿಗೆ ಕಟ್ಟುವ ಕಂಪನಿಗೆ 54 ಸಾವಿರ ಉಳಿಯುತ್ತದೆ.

ಒಬ್ಬರೇ ಮಾಲೀಕರಿರುವ ಅಥವಾ ಪಾಲುದಾರಿಕೆಯ ಸಣ್ಣ ಉದ್ಯಮದ ಕಥೆ ಬೇರೆ. ಲೆಕ್ಕಪತ್ರದ ತಲೆನೋವು ಬೇಡವೆಂದು ಇವರು ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟಬಹುದು. ನಗದು ವಹಿವಾಟು ಶೇ 5ರೊಳಗಿದ್ದರೆ 3 ಕೋಟಿ ರೂಪಾಯಿವರೆಗಿನ ವಹಿವಾಟಿಗೂ ಈ ಅವಕಾಶವಿದೆ. ಬ್ಯಾಂಕ್ ಮೂಲಕ ಬಂದ ಹಣದ ಶೇ 6ರಷ್ಟನ್ನು ಲಾಭವೆಂದು ತೋರಿಸಿದರೆ ಸಾಕು. 2.5 ಕೋಟಿ ವಹಿವಾಟಿಗೆ ಲಾಭ 15 ಲಕ್ಷ. ಪಿಎಫ್ ಕಟ್ಟಿದರೂ ಅಷ್ಟೇ, ಕಟ್ಟದಿದ್ದರೂ ಅಷ್ಟೇ. ಖರ್ಚನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ.

ನೌಕರರ ಕಡೆಗೂ ಇದೇ ಪಾಡು. ಮಾಲೀಕರು ಕಟ್ಟುವ ಪಾಲು ನಿಗದಿತ ಮಿತಿಯೊಳಗೆ ನೌಕರರಿಗೆ ತೆರಿಗೆಮುಕ್ತ. ಆದರೆ 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. 22 ಸಾವಿರ ಸಂಬಳದವರಿಗೆ ಈ ವಿನಾಯಿತಿಯಿಂದ ಹೊಸದಾಗಿ ಉಳಿಯುವುದು ಸೊನ್ನೆ. ಅದೇ 25 ಲಕ್ಷ ವಾರ್ಷಿಕ ವೇತನ, 12.5 ಲಕ್ಷ ಮೂಲ ವೇತನ ಇರುವವರ ಎನ್‌ಪಿಎಸ್ ಖಾತೆಗೆ ಕಂಪನಿ ಶೇ 14ರಂತೆ 1.75 ಲಕ್ಷ ಕಟ್ಟಿದರೆ ಅವರಿಗೆ ಸುಮಾರು 45 ಸಾವಿರ ತೆರಿಗೆ ಉಳಿಯುತ್ತದೆ. ಖಾಸಗಿ ನೌಕರರಿಗೆ ಈ ಮಿತಿಯನ್ನು ಶೇ 10ರಿಂದ 14ಕ್ಕೆ ಏರಿಸಿದ್ದು 2024ರ ಬಜೆಟ್. ಮುಪ್ಪಿನ ಉಳಿತಾಯಕ್ಕೆ ನೆರವು ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುತ್ತಿದೆ.

2025ರ ಆಗಸ್ಟ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಬೇರೆ ದಾರಿ ಹಿಡಿದಿದೆ. ಮೊದಲ ಬಾರಿ ಪಿಎಫ್‌ಗೆ ಸೇರುವವರಿಗೆ 15,000 ರೂಪಾಯಿವರೆಗೆ, ಮಾಲೀಕರಿಗೆ ಪ್ರತಿ ಹೆಚ್ಚುವರಿ ನೌಕರನಿಗೆ ತಿಂಗಳಿಗೆ 3,000 ರೂಪಾಯಿವರೆಗೆ ನೇರ ನಗದು. ಇದು ಒಳ್ಳೆಯ ಹೆಜ್ಜೆ. ಆದರೆ ಇರುವ ಕೆಲಸಗಾರರಿಗೇ ಪಿಎಫ್ ಶುರು ಮಾಡುವ ಮಾಲೀಕರಿಗೆ ಇದರಲ್ಲಿ ಪ್ರೋತ್ಸಾಹವಿಲ್ಲ.

ಅಮೆರಿಕದ 2022ರ ಕಾನೂನಿನಲ್ಲಿ ಒಂದು ಮಾದರಿಯಿದೆ. 50ರವರೆಗೆ ನೌಕರರಿರುವ ಸಂಸ್ಥೆ ಹೊಸದಾಗಿ ನಿವೃತ್ತಿ ಯೋಜನೆ ಆರಂಭಿಸಿದರೆ, ನೌಕರರಿಗಾಗಿ ಕಟ್ಟಿದ ಪಾಲನ್ನು ತಲಾ 1,000 ಡಾಲರ್‌ವರೆಗೆ ನೇರವಾಗಿ ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯಬಹುದು. ಮೊದಲೆರಡು ವರ್ಷ ಪೂರ್ತಿ, ಆಮೇಲೆ ಇಳಿಮುಖ. ಲಾಭದಿಂದ ಕಳೆಯುವ ಬದಲು ತೆರಿಗೆಯಿಂದ ಕಳೆದರೆ, ಅಂದಾಜು ಪದ್ಧತಿಯಲ್ಲಿ ತೆರಿಗೆ ಕಟ್ಟುವ ನಮ್ಮ ವರ್ಕ್‌ಶಾಪ್ ಮಾಲೀಕರಿಗೂ ಪ್ರಯೋಜನ ಸಿಗುತ್ತದೆ. ತೆರಿಗೆಯೇ ಬಾರದಷ್ಟು ಚಿಕ್ಕವರಿಗೆ ನಗದು ನೆರವು ಕೊಡಬೇಕು.

ಅಲ್ಲಿಯವರೆಗೆ ಕೆಲಸ ಹುಡುಕುವ ನಾವು ಸಂದರ್ಶನದಲ್ಲಿ ಸಂಕೋಚವಿಲ್ಲದೆ ಎರಡು ಪ್ರಶ್ನೆ ಕೇಳಬೇಕು: ಪಿಎಫ್ ಇದೆಯೇ? ಮಾಲೀಕರ ಪಾಲು ಹೇಳಿದ ಸಂಬಳದ ಒಳಗೋ, ಹೊರಗೋ? ಇಪ್ಪತ್ತರ ವಯಸ್ಸಿನಲ್ಲಿ ತಿಂಗಳಿಗೆ 550 ರೂಪಾಯಿ ಅಲ್ಪ ಎನಿಸಬಹುದು. ಆದರೆ ಮುಂದಿನ ನಾಲ್ಕು ದಶಕ ಅದಕ್ಕೆ ಬಡ್ಡಿ ಸೇರುತ್ತಲೇ ಇರುತ್ತದೆ.